‘ಸಂಸ್ಕಾರ’ದ ಕೊನೆಯ ಬಗ್ಗೆ ಒಂದು ಸ್ಪಷ್ಟನೆ

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಕೊನೆಯಲ್ಲಿ ಅಗ್ರಹಾರದ ಗುರು ಪ್ರಾಣೇಶಾಚಾರ್ಯರು ತಮ್ಮ ಅಗ್ರಹಾರವಾದ ದೂರ್ವಾಸಪುರಕ್ಕೆ ಮರಳಿ, ಚಂದ್ರಿಯೊಡನೆ ಕೂಡಿದ್ದನ್ನು ಬ್ರಾಹ್ಮಣರೆದುರು ಒಪ್ಪಿಕೊಂಡು, ಆಚಾರ ಮುರಿದು ಬದುಕಿ ಸತ್ತ ನಾರಣಪ್ಪನ ಶವಕ್ಕೆ ತಾವೇ ಬೆಂಕಿಯಿಡುತ್ತಾರೆ ಎಂಬ ಕಥಾಸಾರವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ. ಶವಸಂಸ್ಕಾರ ಯಾರು ಮಾಡಬೇಕೆಂಬ ಆಚಾರ್ಯರ ತೀರ್ಮಾನಕ್ಕೆ ಅಗ್ರಹಾರದವರು ಕಾಯುತ್ತಿರುವಾಗಲೇ ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯು ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ದಹನ ಮುಗಿಸಿರುತ್ತಾಳೆ. ಆ ಸಂಗತಿ ಆಚಾರ್ಯರಿಗೆ ತಿಳಿದೇ ಇರುವುದಿಲ್ಲ. ಗುರುವೆಂಬ ಹಿರಿಮೆ ಕಳಚಿಕೊಂಡು ಅಲೆಯುತ್ತ, ಹೆಂಡತಿ ಸತ್ತ ಸೂತಕದಲ್ಲೇ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕೂತು, ಅಲ್ಲಿ ಗುರುತು ಸಿಕ್ಕಿದಾಗ ಎದ್ದು ಹೊರಟ ಆಚಾರ್ಯರು ದೂರ್ವಾಸಪುರದ ಕಡೆಗೆ ಹೋಗುವ ಗಾಡಿ ಹತ್ತುವಲ್ಲಿಗೆ ಕಾದಂಬರಿ ನಿಲ್ಲುತ್ತದೆ. ಎಲ್ಲವನ್ನೂ ಹೇಳಿಬಿಡಬೇಕೆಂಬ ನಿರ್ಧಾರ ಅವರ ಮನಸ್ಸಿನಲ್ಲಿರುವುದು ನಿಜ. ಆದರೆ ಹೇಳುವ ದೃಶ್ಯವನ್ನು ಲೇಖಕರು (ಬೇಕೆಂದೇ ಎಂಬುದು ನನ್ನ ಅಭಿಪ್ರಾಯ) ಬರೆದಿಲ್ಲ.