ನಾಯಿಮನೆ ನೋಡಿ ನಕ್ಕವರಿಗೆ

ಗುಡ್‌ವುಡ್‌ನ ನಾಯಿಮನೆಯ ಚಿತ್ರಗಳನ್ನು ಮೊನ್ನೆ ಇಲ್ಲಿ ಹಾಕಿದ ಮೇಲೆ ನೀವೆಲ್ಲ ಬರೆದುದನ್ನು ಓದಿದೆ. ‘ದೊರೆಗಳ ಹುಚ್ಚು’ ಎಂದರು ಒಬ್ಬರು. ‘ಮುಂದಿನ ಜನ್ಮಕ್ಕೆ ಇಂಗ್ಲೆಂಡಿನ ನಾಯಿಯಾಗಿ ಹುಟ್ಟಬೇಕು’ ಎಂದರು ಹತ್ತು ಜನ. ನಗಿ, ಅಡ್ಡಿಯಿಲ್ಲ. ಆದರೆ ಮನೆಗಳ ನಕ್ಷೆ ಬರೆದೇ ಹೊಟ್ಟೆ ಹೊರೆದವನ ಗೆಳೆಯರಲ್ಲಿ ಒಬ್ಬರಾದರೂ ಆ ಕಟ್ಟಡವನ್ನು ನೋಡಬಾರದಿತ್ತೇ?

ಪಶ್ಚಿಮ ಸಸೆಕ್ಸ್‌ನ ಗುಡ್‌ವುಡ್ ಎಸ್ಟೇಟಿನಲ್ಲಿ ರಿಚ್‌ಮಂಡ್‌ನ ಮೂರನೆಯ ಡ್ಯೂಕ್ ತನ್ನ ಬೇಟೆನಾಯಿಗಳಿಗೆಂದು ಜೇಮ್ಸ್ ವಾಯಟ್ ಎಂಬ ಹೆಸರಾಂತ ವಾಸ್ತುಶಿಲ್ಪಿಯಿಂದ 1787ರಲ್ಲಿ ಇದನ್ನು ಕಟ್ಟಿಸಿದ. ಖರ್ಚು 6,000 ಪೌಂಡ್. ಡ್ಯೂಕನ ಸ್ವಂತ ಮನೆಗೆ ಶಾಖದ ವ್ಯವಸ್ಥೆ ಬರುವ ನೂರು ವರ್ಷ ಮೊದಲೇ ನಾಯಿಗಳಿಗೆ ಅದು ಸಿಕ್ಕಿತ್ತು ಎಂಬುದನ್ನು ಅಲ್ಲಿ ಹೇಳುತ್ತಾರೆ, ಕೇಳಿದವರು ನಗುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಶಾಖ ಏಕೆ ಬೇಕಾಯಿತು ಎಂದು ಕೇಳುವ ಪುಣ್ಯಾತ್ಮರಿಲ್ಲ.

ನರಿಬೇಟೆಯ ನಾಯಿ ಮಡಿಲಲ್ಲಿ ಕೂರುವ ನಾಯಿಯಲ್ಲ, ದುಡಿಯುವ ಪ್ರಾಣಿ. ಚಳಿಗಾಲದ ಕೆಸರಿನಲ್ಲಿ ಹಗಲೆಲ್ಲ ಓಡಿ, ತೊಯ್ದು ತೊಪ್ಪೆಯಾಗಿ ಮರಳಿ, ತೇವದ ನೆಲದಲ್ಲಿ ಮಲಗಿದರೆ ಅದರ ಕಾಲು ಹಿಡಿದುಕೊಳ್ಳುತ್ತದೆ. ಈ ಕುಂಟುರೋಗವನ್ನು ಬೇಟೆಗಾರರು ‘ಕೆನೆಲ್ ಲೇಮ್‌ನೆಸ್’ ಎಂದೇ, ಅಂದರೆ ‘ನಾಯಿಮನೆಯ ಕುಂಟು’ ಎಂದೇ ಕರೆಯುತ್ತಿದ್ದರು. ರೋಗಕ್ಕೆ ಮನೆಯದೇ ಹೆಸರು! ಕಟ್ಟಿದವನ ತಪ್ಪನ್ನು ಇಷ್ಟು ನೇರವಾಗಿ ಎತ್ತಿ ತೋರಿಸುವ ಪದ ನಮ್ಮ ವೃತ್ತಿಯಲ್ಲಿ ಇನ್ನೊಂದನ್ನು ನಾನು ಕೇಳಿಲ್ಲ. ವಾಯಟ್ ಬೆಂಕಿಗೂಡುಗಳ ಹಿಂದೆ ಕಬ್ಬಿಣದ ತಗಡುಗಳನ್ನಿಟ್ಟು ಕೋಣೆಗಳಿಗೆ ಬಿಸಿ ಹಾಯಿಸಿದ್ದು ಇದಕ್ಕಾಗಿ. ಮಲಗುವ ಕೋಣೆ ಬೇರೆ, ಉಣ್ಣುವ ಕೋಣೆ ಬೇರೆ. ಹೊರಗೋಡೆ ಚಕಮಕಿ ಕಲ್ಲಿನದು, ಅಂಚುಗಳಿಗೆ ಬೂದುಬಣ್ಣದ ಇಟ್ಟಿಗೆ. ಬೆರಳಿಟ್ಟು ನೋಡಿದೆ: ಒಡೆದ ಕಲ್ಲಿನ ಮುಖ ಗಾಜಿನಷ್ಟು ನುಣುಪು, ಸುತ್ತಲಿನ ಗಾರೆ ಮಾತ್ರ ಒರಟು. ನಾಯಿಗಲ್ಲವೇ, ಯಾರು ನೋಡುತ್ತಾರೆ ಎಂದು ಅವನು ಕೈ ಸಡಿಲಿಸಿಲ್ಲ. (ಇನ್ನು ಹುಚ್ಚಿನ ಮಾತು: ಆ ವಂಶದಲ್ಲಿ ನಿಜವಾದ ಹುಚ್ಚು ತಗುಲಿದ್ದು 1819ರಲ್ಲಿ ಕೆನಡಾದಲ್ಲಿ ನರಿ ಕಚ್ಚಿ ರೇಬೀಸ್‌ನಿಂದ ಸತ್ತ ನಾಲ್ಕನೆಯ ಡ್ಯೂಕನಿಗೆ.)

ನಗಲೇಬೇಕೆಂದಿದ್ದರೆ ಇಂಗ್ಲೆಂಡಿನ ವಾಸ್ತುಶಿಲ್ಪಿ ಜಾನ್ ಸೋನ್ ತಾರುಣ್ಯದಲ್ಲಿ ಐರ್ಲೆಂಡಿನ ಡೆರಿಯ ಬಿಷಪ್‌ಗೆಂದು ಬರೆದ, ಗುಮ್ಮಟವನ್ನೇ ಹೊತ್ತ ನಾಯಿನಿವಾಸದ ನಕ್ಷೆ ಇದೆ. ಅದು ಕಾಗದದಲ್ಲೇ ಉಳಿಯಿತು. ಸ್ಕಾಟ್ಲೆಂಡಿನಲ್ಲಿ ವಿಲಿಯಂ ಆಡಂ ಎಂಬ ವಾಸ್ತುಶಿಲ್ಪಿ ಹ್ಯಾಮಿಲ್ಟನ್‌ನ ಡ್ಯೂಕನಿಗೆ ಕಟ್ಟಿದ ಶಾಟೆಲ್‌ರೋ, ‘ನಾಯಿಮನೆ’ ಎಂದೇ ಹೆಸರಾದದ್ದು, ಕೆಳಗಿನ ನೆಲ ಕುಸಿದು ವಾಲಿದ್ದರೂ ಇಂದಿಗೂ ನಿಂತಿದೆ. ಅದಕ್ಕೆ ಎದುರಾಗಿದ್ದ ಅರಮನೆಯನ್ನು 1920ರ ದಶಕದಲ್ಲಿ ಕೆಡವಿ ಹಾಕಿದರು.

‘ಬಡವರು ಗುಡಿಸಲಲ್ಲಿ ನಡುಗುತ್ತಿದ್ದಾಗ ನಾಯಿಗೆ ಆರು ಸಾವಿರವೇ?’ ಎಂದು ಒಬ್ಬರು ಗಂಭೀರವಾಗಿಯೇ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಡ್ಯೂಕನನ್ನು ಕೇಳಿ. ಹಣ ಯಾರದ್ದು, ಯಾರಿಗೆ ಸಲ್ಲಬೇಕಿತ್ತು ಎಂಬುದು ಅವನ ಲೆಕ್ಕ. ಒಳಗೆ ಇರುವ ಜೀವಿ ಹೇಗೆ ಮಲಗುತ್ತದೆ, ಯಾವುದರಿಂದ ನರಳುತ್ತದೆ ಎಂದು ವಿಚಾರಿಸಿ ಕಟ್ಟಿದ್ದು ವಾಯಟ್‌ನ ಲೆಕ್ಕ. ಎರಡನ್ನೂ ಕಲಸಿ ನನ್ನ ಮುಂದೆ ಇಡಬೇಡಿ.

ಹೇಳಿಬಿಡುತ್ತೇನೆ, ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ನಕ್ಷೆ ಬರೆದಾಗ ವಾಚ್‌ಮನ್ ಕೋಣೆಯನ್ನು ಕೊನೆಯಲ್ಲಿ, ಜನರೇಟರಿನ ಪಕ್ಕ ಉಳಿದ ಐದಡಿ ಜಾಗಕ್ಕೆ ತುರುಕಿದ್ದೆ. ಕಾಲು ಚಾಚಿದರೆ ಬಾಗಿಲು ಹಾಕಲಾಗದು. ಒಮ್ಮೆ ಆ ಕಡೆ ಹೋದಾಗ ಕಂಡೆ: ಪಡುವಣದ ಬಿಸಿಲಿಗೆ ಕಿಟಕಿಯನ್ನು ಟಿವಿಯ ರಟ್ಟಿನಿಂದ ಮುಚ್ಚಿ, ಆತ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನ ಗುರುತು ಸಿಕ್ಕಿ ಎದ್ದು ನಮಸ್ಕರಿಸಿದ.

ಚಿತ್ರಗಳನ್ನು ಮತ್ತೆ ಹಾಕುತ್ತಿದ್ದೇನೆ. ನಾಯಿಯ ಜೋಕು ಸಾಕು. ಮೂರನೆಯ ಚಿತ್ರದಲ್ಲಿ ಇಟ್ಟಿಗೆ ಮತ್ತು ಚಕಮಕಿ ಕಲ್ಲು ಸೇರುವ ಮೂಲೆಯನ್ನು ದೊಡ್ಡದು ಮಾಡಿ ನೋಡಿ.