ತುಘಲಕ್‌ನ ಬೆನ್ನು ನೋಡಿದ ಸಂಜೆ

ಮೊನ್ನೆ ಭಾನುವಾರ ಮೈಸೂರಿನ ಒಂದು ಪುಟ್ಟ ರಂಗಮಂದಿರದಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಕುರಿತ ನಾಟಕ ‘ತುಘಲಕ್’ ನೋಡಿದೆ. ನನಗಿದು ಮೂರನೇ ಸಲ. ಹಿಂದೆ ಎರಡು ಸಲವೂ ಪರದೆ, ಮೆಟ್ಟಿಲು, ಸಿಂಹಾಸನ ಎಲ್ಲ ಇದ್ದ ದೊಡ್ಡ ವೇದಿಕೆ. ಈ ಸಲ ವೇದಿಕೆಯೇ ಇಲ್ಲ. ನೆಲಕ್ಕೊಂದು ಹಾಸು, ಅದರ ಸುತ್ತ ನಾಲ್ಕೂ ಕಡೆ ಎರಡೆರಡು ಸಾಲು ಕುರ್ಚಿ, ಅಷ್ಟೇ. ಸುಲ್ತಾನ ನನ್ನ ಮೊಣಕಾಲಿಂದ ಮೂರಡಿ ದೂರದಲ್ಲಿ ಕೂತು ಚದುರಂಗದ ಕಾಯಿ ನಡೆಸುತ್ತಿದ್ದ.

ಗಿರೀಶ ಕಾರ್ನಾಡರು 1964ರಲ್ಲಿ, ತಮ್ಮ 26ನೇ ವಯಸ್ಸಲ್ಲಿ ಕೊಟ್ಟ ನಾಟಕ ಇದು. ಅವರ ಕಣ್ಣ ಮುಂದಿದ್ದದ್ದು ಪಾರ್ಸಿ ರಂಗಭೂಮಿಯ ಕ್ರಮ. ಅರಮನೆಯ ದೃಶ್ಯ ಹಿಂದೆ, ಬೀದಿಯ ದೃಶ್ಯ ಪರದೆ ಮುಂದೆ. ಆದ್ರೆ ನಾಟಕದೊಳಗೇ ಆ ಗೆರೆ ಅಳಿಸಿಹೋಗುತ್ತದೆ, ಬೀದಿಯ ಮೋಸಗಾರ ಅಜೀಜ್ ಕೊನೆಗೆ ಸುಲ್ತಾನನ ಎದುರೇ ನಿಂತು ಮಾತಾಡುತ್ತಾನಲ್ವಾ. ಹಾಗಾಗಿ ಪರದೆ ತೆಗೆದದ್ದು ಇದಕ್ಕೆ ಚೆನ್ನಾಗಿ ಒಪ್ಪಿತು ಅಂತ ನನಗನ್ನಿಸಿತು.

ಪ್ರಾರ್ಥನೆಯ ದೃಶ್ಯ ಹೇಳಲೇಬೇಕು. ಸುಲ್ತಾನನನ್ನು ಕೊಲ್ಲಲು ಅಮೀರರು, ಅಂದ್ರೆ ಆಸ್ಥಾನದ ಸರದಾರರು, ಕಠಾರಿ ಬಚ್ಚಿಟ್ಟುಕೊಂಡು ಬಂದಿರುತ್ತಾರೆ, ಅವನಿಗೆ ಅದು ಮೊದಲೇ ಗೊತ್ತು. ಪರದೆ ಹಿಂದಿನಿಂದ ಸೈನಿಕರು ನುಗ್ಗಬೇಕು. ಇಲ್ಲಿ ಪರದೆ ಎಲ್ಲಿದೆ? ನನ್ನ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಹುಡುಗ, ನಾಟಕಕ್ಕೆ ಮುಂಚೆ ‘ಸ್ವಲ್ಪ ಸರಿದುಕೊಳ್ಳಪ್ಪ’ ಅಂತ ನಾನೇ ಹೇಳಿದ್ದ ಹುಡುಗ, ಕುರ್ಚಿ ಕೆಳಗಿಂದ ಈಟಿ ಎಳೆದು ಎದ್ದು ನಿಂತ. ಎದುರು ಸಾಲಲ್ಲೂ ಇಬ್ಬರು ಎದ್ದರು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ತುಘಲಕ್ ಆ ಪಿತೂರಿಯಲ್ಲಿದ್ದ ಶಿಹಾಬುದ್ದೀನನಿಗೆ ಮತ್ತೆ ಮತ್ತೆ ಇರಿಯುತ್ತಾನಲ್ಲ, ಆಗ ಅವನ ಮುಖ ನನಗೆ ಕಾಣಲೇ ಇಲ್ಲ. ಕಂಡದ್ದು ಬೆನ್ನು. ಬೆವರಿಗೆ ಅಂಟಿಕೊಂಡ ಅಂಗಿ, ಏಳುವ ಇಳಿಯುವ ಭುಜ. ಅವನ ಭುಜದಾಚೆ, ಎದುರು ಸಾಲಲ್ಲಿ, ಬಾಯಿಗೆ ಸೆರಗು ಒತ್ತಿಕೊಂಡ ಒಬ್ಬ ಅಜ್ಜಿ.

ದೊಡ್ಡ ವೇದಿಕೆಯಲ್ಲಿ ನೋಡಿದಾಗೆಲ್ಲ ನನಗದು ಒಬ್ಬ ರಾಜನ ದುರಂತ. ಈ ಸಲ ನಾವೇ ದೆಹಲಿಯ ಪ್ರಜೆಗಳಾಗಿದ್ದೆವು. ರಾಜಧಾನಿ ಬದಲಾಯಿತು, ದೌಲತಾಬಾದಿಗೆ ನಡೀರಿ ಅಂತ ಅವನು ಹೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಸುಮ್ನೆ ಕೂತೆವು.

ಕೊರತೆ ಇಲ್ಲ ಅಂತಲ್ಲ. ನಟರು ಆ ಕಡೆ ತಿರುಗಿದಾಗ ಕೆಲವು ಮಾತು ನಮ್ಮ ಕಡೆ ಕೇಳಿಸಲಿಲ್ಲ. ಕೋಟೆಯ ರಾತ್ರಿಯ ದೃಶ್ಯದಲ್ಲಿ, ಇಬ್ಬರು ಕಾವಲುಗಾರರು ಪಿಸುಮಾತಲ್ಲಿ ಆಡುವಾಗ, ಇದು ಜಾಸ್ತಿಯೇ ಕಾಡಿತು. ಸುತ್ತ ಜನ ಕೂತ ಮೇಲೆ ನಟ ನಿಲ್ಲುವುದನ್ನೂ ತಿರುಗುವುದನ್ನೂ ಹೊಸದಾಗಿ ಕಲಿಯಬೇಕು. ತಂಡ ಇನ್ನಷ್ಟು ತಾಲೀಮು ಮಾಡಬೇಕು.

ಆದ್ರೂ ದೊಡ್ಡ ಸಭಾಂಗಣದ ಬಾಡಿಗೆಗೆ ಹೆದರಿ ಹಳೆಯ ನಾಟಕಗಳನ್ನು ಕೈಬಿಟ್ಟಿರುವ ಹವ್ಯಾಸಿ ತಂಡಗಳಿಗೆ ಕೈಮುಗಿದು ಹೇಳ್ತೀನಿ, ಹೀಗೆ ಮಾಡಿ. ನಮಗೆ ಇದು ಪೂರಾ ಹೊಸದೂ ಅಲ್ಲ. ಯಕ್ಷಗಾನದ ರಂಗಸ್ಥಳಕ್ಕೆ ಮೂರು ಕಡೆಯೂ ಜನ ಕೂರುತ್ತಾರೆ. ಬೆಂಗಳೂರಿನ ರಂಗಶಂಕರದಲ್ಲೂ 2004ರಿಂದ ಮೂರು ಕಡೆ ಕೂತೇ ನೋಡುತ್ತಿದ್ದೇವೆ. ಇನ್ನೊಂದು ಕಡೆ ತಾನೇ?

ಕೊನೆಯ ದೃಶ್ಯಕ್ಕೆ, ತುಘಲಕ್‌ನ ತಾಮ್ರದ ನಾಣ್ಯ ನೋಡಿ ಜನ ಮಾಡಿಕೊಂಡ ಖೋಟಾ ನಾಣ್ಯ ಸುರಿದಿದ್ದರು, ತಗಡು ಕತ್ತರಿಸಿ ಮಾಡಿದ್ದು. ಬಾಗಿಲು ಆ ಕಡೆ ಇದ್ದದ್ದರಿಂದ ಹೊರಗೆ ಹೋಗೋಕೆ ಎಲ್ಲರೂ ಅದನ್ನು ದಾಟಲೇಬೇಕಿತ್ತು. ಆ ಅಜ್ಜಿ ಸೀರೆ ಎತ್ತಿ ಹಿಡಿದು, ಒಂದನ್ನೂ ತುಳಿಯದ ಹಾಗೆ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು. ನಾನು ಅವರ ಹಿಂದೆ ನಿಂತು ಕಾದೆ.