ಹೆಣ್ಣು ಸೂರಕ್ಕಿಯ ಸೊಂಟ ನೋಡಿ

ನೇರಳೆ ಸೊಂಟದ ಸೂರಕ್ಕಿ, ಕೆಂಬೆನ್ನಿನ ಸೂರಕ್ಕಿ ಇವೆರಡರ ಹೆಣ್ಣುಗಳನ್ನು ನೋಡಿದ ಕೂಡಲೇ ಬೇರೆ ಮಾಡಲು ಆಗಲ್ಲ ಎಂದು ಬರೆದಿದ್ದೀರಿ. ಒಪ್ಪುವುದಿಲ್ಲ ಸರ್. ತೀರ್ಥಹಳ್ಳಿ ಕಡೆ ನಮ್ಮ ಅಂಗಳದ ದಾಸವಾಳಕ್ಕೆ ಎರಡೂ ಬರುತ್ತವೆ. ಹೂವಿನ ಬುಡಕ್ಕೆ ಕೊಕ್ಕು ಚುಚ್ಚಲು ಬಗ್ಗಿದಾಗ ರೆಕ್ಕೆ ಸ್ವಲ್ಪ ಸರಿಯುತ್ತದೆ, ಆಗ ನೋಡಿ. ಕೆಂಬೆನ್ನಿನ ಹೆಣ್ಣಿಗೆ ಸೊಂಟ ಕಡುಗೆಂಪು, ಎದ್ದು ಕಾಣುತ್ತದೆ. ಇನ್ನೊಂದಕ್ಕೆ ಆ ಕೆಂಪು ಇಲ್ಲವೇ ಇಲ್ಲ. ಗಂಟಲು ಬೂದು ಬಿಳಿ, ಎದೆ ಹಳದಿ. ಗಾತ್ರ ಮಾತ್ರ ನಂಬಬೇಡಿ, ಕೆಂಬೆನ್ನಿನದು 8 ಸೆಂ.ಮೀ., ಇನ್ನೊಂದು 10 ಸೆಂ.ಮೀ., ಈ ವ್ಯತ್ಯಾಸ ಎಲೆಗಳ ನಡುವೆ ಯಾರಿಗೆ ತಿಳಿಯುತ್ತೆ?

ಇದು ಸುಮ್ನೆ ತಕರಾರಲ್ಲ. ಕೆಂಬೆನ್ನಿನದು ಪಶ್ಚಿಮ ಘಟ್ಟದ್ದೇ ಹಕ್ಕಿ. ಹೆಣ್ಣುಗಳನ್ನೆಲ್ಲ ‘ಗೊತ್ತಾಗಲ್ಲ’ ಎಂದು ಬಿಟ್ಟರೆ ಹಕ್ಕಿ ಎಣಿಕೆಯ ಲೆಕ್ಕದಲ್ಲಿ ಅರ್ಧದಷ್ಟು ಹಕ್ಕಿಗಳೇ ಇರುವುದಿಲ್ಲ, ಅಲ್ವಾ? ಫೋಟೊ ತೆಗೆಯುವವರು ಬೆನ್ನಿನ ಕಡೆಯಿಂದಲೂ ಒಂದು ತೆಗೆಯಲಿ.